ನಾಯಿ ಕಚ್ಚಿದ ಮೇಲೆ: ಸೂಜಿಯ ಜೊತೆಗೆ ಪರಿಹಾರವೂ ನಿಮ್ಮ ಹಕ್ಕು

2018ರ ನವೆಂಬರಿನಲ್ಲಿ ಬೆಳಗಾವಿ ಹತ್ತಿರದ ಬಾಳೇಕುಂದ್ರಿಯಲ್ಲಿ ಎರಡು ವರ್ಷದ ಗಂಡುಮಗು ಬೀದಿನಾಯಿಗಳ ಬಾಯಿಗೆ ಸಿಕ್ಕು ತೀರಿಕೊಂಡಿತು. ಗ್ರಾಮ ಪಂಚಾಯಿತಿ ಆ ಮನೆಯವರಿಗೆ 50 ಸಾವಿರ ರೂಪಾಯಿ ಕೊಟ್ಟಿತು. ಮಗುವಿನ ತಂದೆ ಅದನ್ನೇ ಕೊನೆ ಎಂದುಕೊಳ್ಳದೆ ಹೈಕೋರ್ಟಿನ ಧಾರವಾಡ ಪೀಠದ ಮೆಟ್ಟಿಲೇರಿದರು. ಬೀದಿನಾಯಿಗಳನ್ನು ಹತೋಟಿಯಲ್ಲಿಡುವುದು ಪಂಚಾಯಿತಿಯ ಕೆಲಸ, ಆ ಕೆಲಸ ಆಗದೆ ಇದ್ದುದರಿಂದ ಜೀವ ಹೋಗಿದೆ ಎಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು 10 ಲಕ್ಷ ರೂಪಾಯಿಯನ್ನು ಬಡ್ಡಿ ಸಮೇತ ಕೊಡುವಂತೆ ಪಂಚಾಯಿತಿಗೆ ಆದೇಶಿಸಿದರು.

ಈ ತೀರ್ಪನ್ನು ಔರಾದ್ ತಾಲೂಕಿನ ಚಿಂತಾಕಿಯಲ್ಲಿ, ಅದರ ಸುತ್ತಲ ಹಳ್ಳಿ–ತಾಂಡಾಗಳಲ್ಲಿ, ಭಾಲ್ಕಿಯ ಓಣಿಗಳಲ್ಲಿ ತಿಳಿದಿರಬೇಕು. ನಾಯಿ ಕಚ್ಚಿದಾಗ ನಮ್ಮ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆಗಳು ಎರಡೇ: ಗಾಯಕ್ಕೆ ಏನು ಹಚ್ಚಬೇಕು, ನಾಯಿ ಹುಚ್ಚು ಹಿಡಿದದ್ದೋ ಅಲ್ಲವೋ. ಇದಕ್ಕೆ ಹೊಣೆ ಯಾರು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹಣೆಬರಹ ಎಂದು ಸುಮ್ಮನಾಗುತ್ತೇವೆ. ಬಾಳೇಕುಂದ್ರಿಯ ಪ್ರಕರಣದಲ್ಲಿ ಹೊಣೆ ಹೊತ್ತದ್ದು ಬೆಂಗಳೂರಿನಂಥ ಮಹಾನಗರ ಪಾಲಿಕೆಯಲ್ಲ, ನಮ್ಮ ಊರಿನಲ್ಲಿರುವಂಥದೇ ಒಂದು ಗ್ರಾಮ ಪಂಚಾಯಿತಿ.

ನಾಯಿ ಕಡಿತ ಅಪರೂಪದ ಸಂಗತಿಯೂ ಅಲ್ಲ. 2024ರಲ್ಲಿ ಕರ್ನಾಟಕದಲ್ಲಿ ವರದಿಯಾದ ನಾಯಿ ಕಡಿತಗಳು ಮೂರೂವರೆ ಲಕ್ಷ ದಾಟಿದವು. ರೇಬಿಸ್‌ಗೆ ಬಲಿಯಾದವರು 42 ಮಂದಿ.

ಮೊದಲ ದಿನ

ಪರಿಹಾರದ ಮಾತಿಗಿಂತ ಮೊದಲು ಜೀವದ ಮಾತು. ಗಾಯವನ್ನು ಹರಿಯುವ ನೀರಿನಲ್ಲಿ, ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಒಬ್ಬರು ಚೊಂಬಿನಿಂದ ನೀರು ಹೊಯ್ಯುತ್ತಲೇ ಇರಲಿ. ಅರಿಶಿನ, ಖಾರದ ಪುಡಿ, ಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬಾರದು. ಬಟ್ಟೆ ಬಿಗಿದು ಕಟ್ಟಬಾರದು. ನಾಟಿ ಔಷಧ, ಮಂತ್ರ, ತಾಯಿತದ ಕಡೆ ಒಂದು ದಿನವನ್ನೂ ಕಳೆಯಬಾರದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ, ಆದರೆ ಅದಕ್ಕೂ ಮೊದಲು ತಡೆಯುವ ಲಸಿಕೆ ಸರ್ಕಾರಿ ದವಾಖಾನೆಯಲ್ಲಿ ಉಚಿತವಾಗಿ ಸಿಗುತ್ತದೆ. ಹೊಟ್ಟೆಗೆ 14 ಸೂಜಿ ಚುಚ್ಚುತ್ತಾರೆಂಬ ಹಳೆಯ ಹೆದರಿಕೆ ಈಗ ಬೇಡ. ತೋಳಿನ ಚರ್ಮಕ್ಕೆ ಕೊಡುವ ಲಸಿಕೆಯನ್ನು ಮೊದಲ ದಿನ, ಆಮೇಲೆ ಮೂರನೇ, ಏಳನೇ ಮತ್ತು 28ನೇ ದಿನ ಕೊಡುತ್ತಾರೆ. ಬಸುರಿ ಹೆಣ್ಣುಮಕ್ಕಳೂ ಎಳೆಯ ಮಕ್ಕಳೂ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕು.

ಹಲ್ಲು ಚರ್ಮ ದಾಟಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಗಾಯದ ಸುತ್ತ ಇಮ್ಯುನೊಗ್ಲೋಬುಲಿನ್ ಎಂಬ ಇನ್ನೊಂದು ಔಷಧಿ ಚುಚ್ಚಬೇಕು. ಇದನ್ನು ಕೇಳಿ ಪಡೆಯಿರಿ. ಆರೋಗ್ಯ ಕೇಂದ್ರದಲ್ಲಿ ಇಲ್ಲ ಎಂದರೆ ಔರಾದ್ ತಾಲೂಕು ಆಸ್ಪತ್ರೆಗೆ, ಅಲ್ಲಿಯೂ ಇಲ್ಲದಿದ್ದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಬರೆದು ಕಳಿಸಲು ಹೇಳಿ. ಮೊದಲ ಲಸಿಕೆ ಬಿದ್ದ ದಿನದಿಂದ ಏಳು ದಿನದೊಳಗೆ ಇದನ್ನು ಕೊಡಬಹುದು. ಅದಾದ ಮೇಲೆ ಪ್ರಯೋಜನವಿಲ್ಲ. ಲಸಿಕೆ ಮತ್ತು ಇಮ್ಯುನೊಗ್ಲೋಬುಲಿನ್ ಎರಡನ್ನೂ ಆಸ್ಪತ್ರೆಗಳು ಸದಾ ದಾಸ್ತಾನು ಇಟ್ಟುಕೊಂಡಿರಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರ ಆದೇಶದಲ್ಲಿ ಹೇಳಿದೆ. ‘ಸ್ಟಾಕ್ ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ, 104 ಆರೋಗ್ಯ ಸಹಾಯವಾಣಿಗೆ ದೂರು ಹೇಳಿ.

ಕಾನೂನಿನ ಕೆಲಸ ಶುರುವಾಗುವುದೂ ಈ ದವಾಖಾನೆಯ ಚೀಟಿಯಿಂದಲೇ. ನಾನು ಈ ಲೇಖನದಲ್ಲಿ ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ: ಪರಿಹಾರ ಸಿಗುವುದೂ ಕೈತಪ್ಪುವುದೂ ಮೊದಲ ದಿನದ ಕಾಗದದ ಮೇಲೆ ನಿಂತಿದೆ. ಚೀಟಿಯಲ್ಲಿ ಬರಿ ‘ಗಾಯ’ ಎಂದಿದ್ದರೆ ಆರು ತಿಂಗಳ ನಂತರ ಅದು ಮುಳ್ಳು ತರಚಿದ ಗಾಯವೂ ಆಗಬಹುದು, ಬೈಕಿನಿಂದ ಬಿದ್ದ ಗಾಯವೂ ಆಗಬಹುದು. ನಾಯಿ ಕಡಿತ ಎಂದು ಬರೆದಿರಬೇಕು. ಬೀದಿನಾಯಿಯೋ ಸಾಕಿದ ನಾಯಿಯೋ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಮೈಯ ಯಾವ ಭಾಗದಲ್ಲಿ, ಎಷ್ಟು ಹಲ್ಲಿನ ಗುರುತು, ಗಾಯ ಎಷ್ಟು ಆಳ ಎಂಬುದೆಲ್ಲ ದಾಖಲಾಗಬೇಕು. ವೈದ್ಯರಿಗೆ ಕೆಲಸದ ಒತ್ತಡ ಇರುತ್ತದೆ, ನಿಜ. ಆದರೂ ವಿನಯದಿಂದ ಕೇಳಿದರೆ ಒಂದು ಸಾಲು ಹೆಚ್ಚು ಬರೆಯಲು ಅವರಿಗೂ ಬೇಸರವಿರದು. ಗಾಯಕ್ಕೆ ಪಟ್ಟಿ ಕಟ್ಟುವ ಮೊದಲು ಮೊಬೈಲಿನಲ್ಲಿ ಎರಡು ಫೋಟೊ ತೆಗೆದಿಡಿ. ಹರಿದ ಬಟ್ಟೆಯನ್ನು ಎಸೆಯಬೇಡಿ. ಲಸಿಕೆ ಕಾರ್ಡಿನ ಪ್ರತಿ ತಾರೀಖನ್ನೂ ಪಾಲಿಸಿ. ನಡುವೆ ಬಿಟ್ಟರೆ ಜೀವಕ್ಕೆ ಅಪಾಯ. ಜೊತೆಗೆ ನೀವೇ ಅಲಕ್ಷ್ಯ ಮಾಡಿದಿರಿ ಎಂದು ಎದುರಿನವರ ವಕೀಲರು ಹೇಳಲು ದಾರಿಯಾಗುತ್ತದೆ.

ಸಿಟ್ಟಿನಲ್ಲಿ ನಾಯಿಯನ್ನು ಹೊಡೆದು ಸಾಯಿಸಬೇಡಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ ಇದೆ, ದೂರು ಕೊಡಬೇಕಾದವರೇ ಆರೋಪಿಯಾಗುತ್ತೀರಿ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ: ಕಚ್ಚಿದ ನಾಯಿ 10 ದಿನ ಆರೋಗ್ಯವಾಗಿ ಬದುಕಿದ್ದರೆ ಕಚ್ಚುವ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದು ತಿಳಿಯುತ್ತದೆ. ಸತ್ತ ನಾಯಿಯನ್ನು ಹೀಗೆ ಗಮನಿಸಲಾಗದು. ಹಾಗೆಂದು 10 ದಿನ ನೋಡಿ ಆಮೇಲೆ ಸೂಜಿ ಹಾಕಿಸೋಣ ಎಂದು ಕಾಯುವಂತಿಲ್ಲ.

ಕಚ್ಚಿದ್ದು ಬೀದಿನಾಯಿಯಾದರೆ

ಹೊಣೆ ಆ ಜಾಗದ ಸ್ಥಳೀಯ ಸಂಸ್ಥೆಯದು. ಚಿಂತಾಕಿಯಲ್ಲಿ ಗ್ರಾಮ ಪಂಚಾಯಿತಿ, ಔರಾದಿನಲ್ಲಿ ಪಟ್ಟಣ ಪಂಚಾಯಿತಿ, ಭಾಲ್ಕಿಯಲ್ಲಿ ಪುರಸಭೆ, ಬೀದರಿನಲ್ಲಿ ನಗರಾಡಳಿತ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಬೇಕಾದವರು ಇವರೇ. ಇಷ್ಟು ವರ್ಷ ಎಷ್ಟು ನಾಯಿಗಳಿಗೆ ಈ ಕೆಲಸ ಆಗಿದೆ ಎಂದು ಕೇಳುವ ಅಧಿಕಾರ ಊರಿನ ಪ್ರತಿಯೊಬ್ಬರಿಗೂ ಇದೆ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಬಿಪಿಎಲ್ ಕಾರ್ಡಿನವರಿಗೆ ಆ ಶುಲ್ಕವೂ ಇಲ್ಲ. ‘ಒಂದೂ ಇಲ್ಲ’ ಎಂಬ ಉತ್ತರ ಬಂದರೆ, ಪರಿಹಾರದ ಪ್ರಕರಣದಲ್ಲಿ ಅದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಆಟದ ಮೈದಾನಗಳ ವಿಷಯದಲ್ಲಿ ಮಾತು ಇನ್ನೂ ಬಿಗಿಯಾಗಿದೆ. ಈ ಜಾಗಗಳಿಂದ ಬೀದಿನಾಯಿಗಳನ್ನು ತೆಗೆಯಬೇಕು, ಸಂತಾನಹರಣ ಮಾಡಿಸಬೇಕು, ಮತ್ತೆ ಅಲ್ಲಿಗೇ ತಂದು ಬಿಡಬಾರದು ಎಂಬುದು ಮೇಲೆ ಹೇಳಿದ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶದಲ್ಲಿದೆ. ಆದ್ದರಿಂದ ಮಗುವಿಗೆ ಶಾಲೆಯ ಅಂಗಳದಲ್ಲಿ ನಾಯಿ ಕಚ್ಚಿದ್ದರೆ ‘ಊರಲ್ಲಿ ಕಚ್ಚಿತು’ ಎಂದು ಬರೆಯಬೇಡಿ. ಶಾಲೆಯ ಹೆಸರು, ಗೇಟು ಇತ್ತೋ ಇಲ್ಲವೋ, ಕಾಂಪೌಂಡ್ ಬಿದ್ದಿತ್ತೋ ಎಲ್ಲವನ್ನೂ ಬರೆಯಿರಿ. ಮುಖ್ಯ ಶಿಕ್ಷಕರಿಂದ ಒಂದು ಸಾಲಿನ ದೃಢೀಕರಣ ಪಡೆಯಿರಿ.

ಎಷ್ಟು ಹಣ ಎಂಬ ಪ್ರಶ್ನೆಗೆ ಬರೋಣ. ರಾಜ್ಯ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿದಂತೆ, ಬೀದಿನಾಯಿ ದಾಳಿಯಿಂದ ಅಥವಾ ಅದರ ಕಡಿತದ ರೇಬಿಸ್‌ನಿಂದ ಸಾವಾದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಚರ್ಮ ತೂತಾದ, ಹರಿದ, ಕಪ್ಪುಗಟ್ಟಿದ ಗಾಯಗಳಿಗೆ, ಹಲವು ಕಡೆ ಕಚ್ಚಿದ್ದಕ್ಕೆ 5 ಸಾವಿರ. ಅದರಲ್ಲಿ 3,500 ಗಾಯಾಳುವಿನ ಕೈಗೆ, ಉಳಿದ 1,500 ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ.

ಈ 3,500 ರೂಪಾಯಿ ನನಗೆ ತೀರ ಕಡಿಮೆ ಅನ್ನಿಸುತ್ತದೆ. ಕಾಲಿಗೆ ಕಚ್ಚಿಸಿಕೊಂಡ ಕೂಲಿ ಹೆಣ್ಣುಮಗಳು ನಾಲ್ಕು ಸಲ ಸೂಜಿಗೆಂದು ಓಡಾಡಬೇಕು, ಜೊತೆಗೊಬ್ಬರು ಬರಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಗಾಯ ಕೀವಾದರೆ ತೊಗರಿ ರಾಶಿಯ ಹೊತ್ತಿನಲ್ಲಿ ವಾರಗಟ್ಟಲೆ ಮನೆಯಲ್ಲಿ ಕೂರಬೇಕು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರಿನಲ್ಲಿ ಬೇರೆಯೇ ಲೆಕ್ಕ ಹಾಕಿತು: ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10 ಸಾವಿರ, ಮಾಂಸ ಕಿತ್ತು ಬಂದಿದ್ದರೆ ಗಾಯದ ಪ್ರತಿ 0.2 ಸೆಂಟಿಮೀಟರಿಗೆ ಕನಿಷ್ಠ 20 ಸಾವಿರ. ನಾಲ್ಕು ಹಲ್ಲು ಊರಿದ ಗಾಯಕ್ಕೆ ಅಲ್ಲಿ 40 ಸಾವಿರ ಆಗುತ್ತದೆ. ಕೇರಳದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿ ಸಿರಿ ಜಗನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿ, ಒಬ್ಬೊಬ್ಬರ ನಷ್ಟವನ್ನೂ ಕೇಳಿ ಪರಿಹಾರ ಶಿಫಾರಸು ಮಾಡುವ ವ್ಯವಸ್ಥೆ ಕಲ್ಪಿಸಿತು. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪು ನಮ್ಮಲ್ಲಿ ಕಡ್ಡಾಯವಲ್ಲ. ಆದರೆ ವಕೀಲರು ಅದನ್ನು ನ್ಯಾಯಾಲಯದ ಮುಂದಿಟ್ಟು ವಾದಿಸಬಹುದು.

5 ಸಾವಿರ ತೆಗೆದುಕೊಂಡರೆ ಮುಂದೆ ಏನೂ ಕೇಳುವಂತಿಲ್ಲವೇ? ಕೇಳಬಹುದು. ಬಾಳೇಕುಂದ್ರಿಯ ಕುಟುಂಬ 50 ಸಾವಿರ ಪಡೆದಿದ್ದರೂ ಹೈಕೋರ್ಟ್ 10 ಲಕ್ಷ ಕೊಡಿಸಿತು. ಹಣ ಪಡೆಯುವಾಗ ‘ಇನ್ನು ಮುಂದೆ ನನ್ನ ಯಾವ ತಕರಾರೂ ಇಲ್ಲ’ ಎಂಬ ಒಕ್ಕಣೆಗೆ ಮಾತ್ರ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ‘ಈ ಪರಿಹಾರ ಸಿಟಿಯವರಿಗೆ, ಹಳ್ಳಿಗೆ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೂ ಎದ್ದು ಬರಬೇಡಿ. ಅರ್ಜಿ ಕೊಟ್ಟು, ಅದೇ ಮಾತನ್ನು ಲಿಖಿತವಾಗಿ ಹಿಂಬರಹದಲ್ಲಿ ಕೊಡಲು ಹೇಳಿ.

ಅರ್ಜಿ ಹೀಗಿರಲಿ

ದೊಡ್ಡ ಭಾಷೆ ಬೇಡ. ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ ಇಷ್ಟು ಸಾಕು:

“ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಪಂಚಾಯಿತಿ, ಚಿಂತಾಕಿ, ಇವರಿಗೆ.
ವಿಷಯ: ಬೀದಿನಾಯಿ ಕಡಿತಕ್ಕೆ ಪರಿಹಾರ ಕೋರಿ.
ಮಾನ್ಯರೆ, ಇಂಥ ತಾರೀಖು, ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ ನನಗೆ (ಅಥವಾ ನನ್ನ ಮಗನಿಗೆ/ಮಗಳಿಗೆ) ಬೀದಿನಾಯಿ ಕಚ್ಚಿ ಗಾಯವಾಗಿದೆ. ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದೇನೆ. ಆ ಜಾಗದಲ್ಲಿ ನಾಯಿಗಳ ಕಾಟ ಮೊದಲಿನಿಂದಲೂ ಇದೆ. ಔಷಧಿ, ಓಡಾಟ ಮತ್ತು ಕೂಲಿ ನಷ್ಟ ಸೇರಿ ಈವರೆಗೆ ಇಷ್ಟು ರೂಪಾಯಿ ಖರ್ಚಾಗಿದೆ. ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿದ ಪರಿಹಾರವನ್ನೂ, ಬಾಳೇಕುಂದ್ರಿ ಗ್ರಾಮ ಪಂಚಾಯಿತಿ ಪ್ರಕರಣದಲ್ಲಿ ಹೈಕೋರ್ಟಿನ ಧಾರವಾಡ ಪೀಠ ಹೇಳಿದ ಹೊಣೆಯನ್ನೂ ಗಮನಿಸಿ ನನಗೆ ಪರಿಹಾರ ಕೊಡಬೇಕೆಂದೂ, ಸದರಿ ನಾಯಿಗಳಿಗೆ ನಿಯಮದಂತೆ ಸಂತಾನಹರಣ ಮತ್ತು ಲಸಿಕೆ ಮಾಡಿಸಬೇಕೆಂದೂ ಕೋರುತ್ತೇನೆ. ಹೆಚ್ಚಿನ ಪರಿಹಾರ ಕೇಳುವ ನನ್ನ ಹಕ್ಕನ್ನು ಉಳಿಸಿಕೊಂಡು ಈ ಅರ್ಜಿ ಸಲ್ಲಿಸಿದ್ದೇನೆ.”

ಆಸ್ಪತ್ರೆಯ ಚೀಟಿ, ಲಸಿಕೆ ಕಾರ್ಡು, ಫೋಟೊ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಲಗತ್ತಿಸಿ; ಮೂಲ ಕಾಗದ ಯಾರ ಕೈಗೂ ಕೊಡಬೇಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಸೀಲು ಹಾಕಲು ಒಪ್ಪದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ವೀಕೃತಿ ಬರುವಂತೆ ಕಳಿಸಿ. ಒಂದು ಪ್ರತಿ ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಇನ್ನೊಂದು ಬೀದರಿನ ಜಿಲ್ಲಾ ಪಂಚಾಯಿತಿಗೆ ಹೋಗಲಿ. ಭಾಲ್ಕಿ, ಔರಾದ್ ಪಟ್ಟಣದವರು ಮುಖ್ಯಾಧಿಕಾರಿಗೆ ಬರೆಯಬೇಕು, ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕು.

ಸಾಕಿದ ನಾಯಿಯಾದರೆ

ಇಲ್ಲಿ ಹೊಣೆ ಸಾಕಿದವರದು. ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಲಕ್ಷ್ಯ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ 5 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದಾದ ಅಪರಾಧವಿದು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಬೀದರಿನ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಂದಲೂ ಏನೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು.

ಹಳ್ಳಿಯಲ್ಲಿ ಕಷ್ಟ ಬರುವುದು ‘ಸಾಕಿದ ನಾಯಿ’ ಎಂದು ತೋರಿಸುವಲ್ಲಿ. ನಮ್ಮೂರುಗಳಲ್ಲಿ ನಾಯಿಗೆ ಸರಪಳಿ ಹಾಕುವುದು ಕಡಿಮೆ, ಪಟ್ಟಿ ಕಟ್ಟುವುದೂ ಕಡಿಮೆ. ರೊಟ್ಟಿ ತಿನ್ನುವುದು ಒಂದು ಮನೆಯಲ್ಲಿ, ಮಲಗುವುದು ಇನ್ನೊಂದು ಕಟ್ಟೆಯ ಮೇಲೆ, ಹೊಲ ಕಾಯುವುದು ಮತ್ತೊಬ್ಬರದು. ಕಚ್ಚುವ ತನಕ ‘ನಮ್ಮ ನಾಯಿ’ ಎನ್ನುವವರು ಕಚ್ಚಿದ ಮರುದಿನ ‘ಅದು ಬೀದಿದು’ ಎನ್ನುತ್ತಾರೆ. ಆದ್ದರಿಂದ ಅಂದೇ ಸಾಕ್ಷಿ ಕೂಡಿಸಬೇಕು. ಆ ನಾಯಿಯನ್ನು ಹೆಸರು ಹಿಡಿದು ಕರೆಯುವವರು ಯಾರು, ಅದಕ್ಕೆ ದಿನವೂ ಉಣ್ಣಲು ಹಾಕುವವರು ಯಾರು, ರಾತ್ರಿ ಯಾರ ಅಂಗಳದಲ್ಲಿ ಇರುತ್ತದೆ, ಪಶು ಆಸ್ಪತ್ರೆಯಲ್ಲಿ ಯಾರ ಹೆಸರಿನಲ್ಲಿ ಲಸಿಕೆ ಹಾಕಿಸಿದ್ದಾರೆ, ಹಿಂದೆ ಯಾರಿಗೆ ಕಚ್ಚಿತ್ತು ಎಂಬುದನ್ನು ಬಲ್ಲ ಇಬ್ಬರು ಮೂವರ ಹೆಸರು ದೂರಿನಲ್ಲಿ ಇರಲಿ. ಹಿಂದೆಯೂ ಕಚ್ಚಿತ್ತು, ಮನೆಯವರಿಗೆ ಗೊತ್ತಿತ್ತು ಎಂಬುದು ಸಾಬೀತಾದರೆ ಪ್ರಕರಣ ಗಟ್ಟಿಯಾಗುತ್ತದೆ. ನೀವು ನಾಯಿಗೆ ಕಲ್ಲು ಹೊಡೆದಿದ್ದರೆ, ರಾತ್ರಿ ಅವರ ಕಾಂಪೌಂಡ್ ಹಾರಿದ್ದರೆ ಮಾತ್ರ ನಿಮ್ಮ ವಾದ ಸೊರಗುತ್ತದೆ.

ಇಂಥ ಹೆಚ್ಚಿನ ಜಗಳಗಳು ಊರ ಹಿರಿಯರ ಮುಂದೆ ರಾಜಿಯಲ್ಲಿ ಮುಗಿಯುತ್ತವೆ. ನೆರೆಯವರ ಜೊತೆ ಜೀವನವಿಡೀ ಬಾಳಬೇಕಾದವರಿಗೆ ರಾಜಿ ಒಳ್ಳೆಯ ದಾರಿಯೇ. ಅವಸರ ಮಾತ್ರ ಬೇಡ. ಕಚ್ಚಿದ ಸಂಜೆಯೇ ಔಷಧಿಗೆಂದು ಒಂದಿಷ್ಟು ನೋಟು ಕೈಯಲ್ಲಿಟ್ಟು ಮುಗಿಸಿದರೆ, ಗಾಯ ಕೆಟ್ಟು ಆಪರೇಷನ್ ಆದಾಗ ಕೇಳುವಂತಿಲ್ಲ. 28ನೇ ದಿನದ ಲಸಿಕೆ ಮುಗಿದು ಗಾಯ ಮಾಯ್ದ ಮೇಲೆ ಕೂತು, ಖರ್ಚಿನ ಲೆಕ್ಕ ಹಾಕಿ, ಇಬ್ಬರ ಸಹಿಯೊಂದಿಗೆ ಬರೆದುಕೊಳ್ಳಿ. ರಾಜಿ ಆಗದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆ ಹೂಡಬಹುದು. ಕ್ರಿಮಿನಲ್ ಪ್ರಕರಣದಲ್ಲಿ ಅಪರಾಧ ಸಾಬೀತಾದರೆ ಆ ನ್ಯಾಯಾಲಯವೂ ಗಾಯಾಳುವಿಗೆ ಪರಿಹಾರ ಕೊಡುವಂತೆ ಆದೇಶಿಸಬಹುದು.

ಲೆಕ್ಕದಲ್ಲಿ ಏನೇನು ಬರುತ್ತದೆ

ಔಷಧಿಯ ಬಿಲ್ಲು ಮಾತ್ರ ಎಂದುಕೊಳ್ಳುವುದೇ ನಷ್ಟ. ಬಸ್ ಟಿಕೆಟ್, ಆಟೊ ಬಾಡಿಗೆ, ಗಾಯಾಳುವಿನ ಕೂಲಿ, ಜೊತೆಗೆ ಬಂದವರ ಕೂಲಿ, ತಪ್ಪಿದ ಪರೀಕ್ಷೆ, ಅನುಭವಿಸಿದ ನೋವು, ಮುಖದ ಮೇಲೆ ಉಳಿದ ಕಲೆ, ಕೈಕಾಲಿಗೆ ಬಂದ ಊನ ಇವೆಲ್ಲ ಪರಿಹಾರದ ಲೆಕ್ಕಕ್ಕೆ ಸೇರುತ್ತವೆ. ಕೂಲಿಗೆ ದಾಖಲೆ ಏನೆಂದು ಕೇಳುತ್ತಾರೆ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಕೆಲಸ ಕೊಡುವ ಹೊಲದ ಮಾಲೀಕರ ಪತ್ರ, ಬ್ಯಾಂಕಿಗೆ ಜಮೆಯಾದ ಮಜೂರಿ ಯಾವುದಾದರೂ ಆದೀತು. ಅಂಗವೈಕಲ್ಯ ಉಳಿದಿದ್ದರೆ ಸರ್ಕಾರಿ ವೈದ್ಯರಿಂದ ಶೇಕಡಾವಾರು ಪ್ರಮಾಣಪತ್ರ ಮಾಡಿಸಿ.

ಕೆಲಸದ ಮೇಲಿದ್ದಾಗ ನಾಯಿ ಕಚ್ಚಿದರೆ ಇನ್ನೊಂದು ಬಾಗಿಲೂ ಇದೆ. ಮೀಟರ್ ಓದಲು ಹೋದವರು, ಕಸ ಎತ್ತುವವರು, ಪಾರ್ಸೆಲ್ ತಲುಪಿಸುವವರು 1923ರ ನೌಕರರ ಪರಿಹಾರ ಕಾಯ್ದೆಯಡಿ ಕೇಳಬಹುದೇ ಎಂದು ವಕೀಲರಲ್ಲಿ ವಿಚಾರಿಸಲಿ. ಇಎಸ್‌ಐ ಇದ್ದವರು ಅಲ್ಲಿ ಕೇಳಲಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದ್ದರೆ, ಸಾವಿನ ಪ್ರಕರಣದಲ್ಲಿ ಮನೆಯವರು ಕೂಡಲೇ ಬ್ಯಾಂಕಿಗೆ ಹೋಗಿ ವಿಚಾರಿಸಬೇಕು. ಅಪಘಾತದ ಸಾವಿಗೆ ಅದರಲ್ಲಿ 2 ಲಕ್ಷ ಇದೆ.

ಗಡಿಯ ಊರಿನವರಿಗೆ ಒಂದು ಮಾತು. ಔರಾದ್ ತಾಲೂಕಿನ ಒಂದು ಮಗ್ಗುಲಿಗೆ ತೆಲಂಗಾಣ, ಇನ್ನೊಂದು ಮಗ್ಗುಲಿಗೆ ಮಹಾರಾಷ್ಟ್ರ. ಸಂತೆಗೆ, ಮದುವೆಗೆ, ಕೂಲಿಗೆ ಹೋದಾಗ ನಾರಾಯಣಖೇಡದಲ್ಲೋ ದೇಗ್ಲೂರಿನಲ್ಲೋ ಕಚ್ಚಿಸಿಕೊಂಡು ಬಂದರೆ, ಮೊದಲ ಸೂಜಿ ಅಲ್ಲಿ ಹಾಕಿಸಿ ಉಳಿದವನ್ನು ಇಲ್ಲಿ ಹಾಕಿಸಿಕೊಳ್ಳಬಹುದು, ಕಾರ್ಡು ಜೋಪಾನವಾಗಿರಲಿ. ಪರಿಹಾರ ಕೇಳಬೇಕಾದದ್ದು ಕಚ್ಚಿದ ಜಾಗದ ಆಡಳಿತವನ್ನು. ಆದರೆ ಪೊಲೀಸ್ ದೂರನ್ನು ಚಿಂತಾಕಿ ಠಾಣೆಯಲ್ಲೂ ಕೊಡಬಹುದು. ‘ನಮ್ಮ ಹದ್ದಿಗೆ ಬರುವುದಿಲ್ಲ’ ಎಂದು ವಾಪಸು ಕಳಿಸುವಂತಿಲ್ಲ; ಝೀರೋ ಎಫ್‌ಐಆರ್ ದಾಖಲಿಸಿ ಆ ಕಡೆಯ ಠಾಣೆಗೆ ಕಳಿಸಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯೇ ಹೇಳುತ್ತದೆ. ಮರಾಠಿ, ತೆಲುಗು ಬಿಲ್ಲುಗಳೂ ಬಿಲ್ಲುಗಳೇ, ಇಟ್ಟುಕೊಳ್ಳಿ.

ಅರ್ಜಿಗೆ ಉತ್ತರ ಬರದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿ ಇದೆ. ಬೀದರ್ ಜಿಲ್ಲೆಯವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. 2008ರಿಂದ ಕಲಬುರಗಿಯಲ್ಲೇ ಪೀಠವಿದೆ. ಸರ್ಕಾರದ ವಿರುದ್ಧ ಸಿವಿಲ್ ದಾವೆ ಹೂಡುವುದಾದರೆ ಎರಡು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಸಾವಿನ ಪ್ರಕರಣದಲ್ಲಿ 1855ರ ಮಾರಣಾಂತಿಕ ಅಪಘಾತ ಕಾಯ್ದೆಯಡಿ ದಾವೆಗೆ ಸಾವಿನ ದಿನದಿಂದ ಎರಡು ವರ್ಷದ ಗಡುವು. ಇವೆಲ್ಲವನ್ನೂ ನೋಡಿದರೆ, ಮೊದಲ ತಿಂಗಳಲ್ಲೇ ವಕೀಲರನ್ನು ಕಾಣುವುದು ಒಳ್ಳೆಯದು.

ವಕೀಲರ ಫೀಸಿಗೆ ಹೆದರಿ ಬಿಡಬೇಡಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು ಮತ್ತು ಕಡಿಮೆ ಆದಾಯದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ನ್ಯಾಯಾಲಯದ ಶುಲ್ಕವನ್ನೂ ಅವರೇ ಭರಿಸುತ್ತಾರೆ. ಔರಾದ್ ಮತ್ತು ಭಾಲ್ಕಿಯ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿ, ಬೀದರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅಲ್ಲಿಗೆ ಹೋಗಲು ಆಗದವರು 15100ಕ್ಕೆ ಫೋನ್ ಮಾಡಿ. ಹೋಗುವಾಗ ದವಾಖಾನೆಯ ಚೀಟಿ, ಲಸಿಕೆ ಕಾರ್ಡು, ಸೀಲು ಬಿದ್ದ ಅರ್ಜಿಯ ಪ್ರತಿ, ಈ ಮೂರನ್ನೂ ತಪ್ಪದೆ ಕೈಯಲ್ಲಿ ಹಿಡಿದು ಹೋಗಿ.